ತುಕ್ಕು ಹಿಡಿದ ಫಟ್‌ಫಟಿಗೆ ಮರುಜೀವ

ದುಡಿಯುವ ಯಂತ್ರ ಸವೆಯುತ್ತದೆಂಬುದನ್ನು ಎಲ್ಲರೂ ಬಲ್ಲರು. ದುಡಿಯದೆ ನಿಂತ ಯಂತ್ರವು ಅದಕ್ಕಿಂತ ಬೇಗ ಕೆಡಬಹುದೆಂಬುದು ಮಾತ್ರ ಅಷ್ಟಾಗಿ ಜನರ ಗಮನಕ್ಕೆ ಬಂದಿಲ್ಲ. ನಿತ್ಯವೂ ಸಂತೆಗೂ ಹೊಲಕ್ಕೂ ಓಡಾಡುವ ಮೋಟಾರ್ ಸೈಕಲ್ಲು ಹತ್ತಾರು ವರ್ಷ ಬಾಳೀತು. ಅದೇ ಗಾಡಿಯನ್ನು ದನದ ಕೊಟ್ಟಿಗೆಯ ಗೋಡೆಗೆ ಒರಗಿಸಿ ಐದಾರು ಮಳೆಗಾಲ ಮರೆತುಬಿಟ್ಟರೆ, ಆಮೇಲೆ ಅದರ ಕಿಕ್ಕು ಕದಲುವುದಿಲ್ಲ, ಗಾಲಿ ಉರುಳುವುದಿಲ್ಲ, ದೀಪ ಮಿಣುಕುವುದಿಲ್ಲ. ಆಗ ಮನೆಯವರು ಅದರ ಕಾಲ ಮುಗಿಯಿತೆಂದು ಗುಜರಿಯವನನ್ನು ಕರೆಸುತ್ತಾರೆ.

ಆದರೆ ಕಾಲವೆಂಬುದು ತಾನಾಗಿ ಯಾವ ಲೋಹವನ್ನೂ ಕೆಡಿಸಲಾರದು. ಕೆಡಿಸುವವು ನೀರು, ಗಾಳಿ, ಧೂಳು, ಹಳಸಿದ ಪೆಟ್ರೋಲು, ಗಡುಸಾದ ರಬ್ಬರು ಮುಂತಾದ ಗೊತ್ತಾದ ಕಾರಣಗಳು. ಒಂದೊಂದು ಕಾರಣವೂ ಪ್ರಕೃತಿಯ ಒಂದೊಂದು ನಿಯಮವನ್ನು ಅನುಸರಿಸಿ ನಡೆಯುತ್ತದೆ. ಆ ನಿಯಮವನ್ನು ತಿಳಿದವನಿಗೆ ಮದ್ದು ಯಾವುದೆಂಬುದೂ ತಿಳಿಯುತ್ತದೆ. ಹಳೆಯ ಗಾಡಿಯನ್ನು ಸರಿಪಡಿಸುವುದೆಂದರೆ ಹೊಳೆಯುವ ಬಣ್ಣ ಬಳಿಯುವುದಲ್ಲ. ಯಾವ ಭಾಗ ಏಕೆ ಕೆಟ್ಟಿತೆಂಬುದನ್ನು ಒಂದೊಂದಾಗಿ ಪತ್ತೆಹಚ್ಚುವುದು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ ಇಂಥ ಒಂದು ಹಳೆಯ ಫಟ್‌ಫಟಿ ನಮ್ಮ ಕೈಗೆ ಬಂದಿದೆಯೆಂದು ಭಾವಿಸೋಣ. ಅದು ಮೈಸೂರಿನಲ್ಲಿ ತಯಾರಾದ ಜಾವಾ ಎಂದೂ ಇಟ್ಟುಕೊಳ್ಳೋಣ. ಅದನ್ನು ಮತ್ತೆ ದಾರಿಗೆ ತರುವ ಬಗೆ ಹೇಗೆಂಬುದನ್ನು ನೋಡೋಣ.

ಮೈಸೂರಿನ ಕಾರ್ಖಾನೆ

ಜಾವಾ ಎಂಬ ಹೆಸರಿಗೂ ಆಗ್ನೇಯ ಏಷ್ಯದ ಜಾವಾ ದ್ವೀಪಕ್ಕೂ ಸಂಬಂಧವಿಲ್ಲ. 1929ರಲ್ಲಿ ಚೆಕೊಸ್ಲೊವಾಕಿಯದ ಪ್ರಾಗ್ ನಗರದಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಎಂಬ ಉದ್ಯಮಿ ಜರ್ಮನಿಯ ವಾಂಡರರ್ ಸಂಸ್ಥೆಯಿಂದ ಒಂದು ಮೋಟಾರ್ ಸೈಕಲ್ಲಿನ ವಿನ್ಯಾಸವನ್ನು ಕೊಂಡುಕೊಂಡನು. ಯಾನೆಚೆಕ್, ವಾಂಡರರ್ ಎಂಬ ಎರಡು ಹೆಸರುಗಳ ಮೊದಲ ಅಕ್ಷರಗಳು ಕೂಡಿ ಈ ಹೆಸರು ಹುಟ್ಟಿತು. ಎರಡನೆಯ ಮಹಾಯುದ್ಧದ ನಂತರ ಈ ಗಾಡಿಗಳು ಅನೇಕ ದೇಶಗಳಿಗೆ ಹರಡಿದುವು.

ನಮ್ಮ ದೇಶದಲ್ಲಿ ಇವನ್ನು ಮೊದಲು ಆಮದು ಮಾಡಿಕೊಳ್ಳಲಾಗುತ್ತಿತ್ತು. ಮುಂದೆ ರುಸ್ತುಂ ಇರಾನಿ ಮತ್ತು ಫಾರೂಕ್ ಇರಾನಿ ಅವರು ಮೈಸೂರಿನಲ್ಲಿ ಐಡಿಯಲ್ ಜಾವಾ ಸಂಸ್ಥೆಯನ್ನು ಕಟ್ಟಿದರು. ಯಾದವಗಿರಿಯ ಕಾರ್ಖಾನೆಯನ್ನು 1961ರಲ್ಲಿ ಶ್ರೀ ಜಯಚಾಮರಾಜ ಒಡೆಯರು ಉದ್ಘಾಟಿಸಿದರು. ಆ ವೇಳೆಗೆ ಕೊಪ್ಪಳ ಸೀಮೆಯೂ ಹೈದರಾಬಾದು ರಾಜ್ಯದಿಂದ ಬಿಡುಗಡೆ ಹೊಂದಿ, 1956ರ ಭಾಷಾವಾರು ವಿಂಗಡಣೆಯಲ್ಲಿ ಮೈಸೂರು ರಾಜ್ಯವನ್ನು ಸೇರಿ, ರಾಯಚೂರು ಜಿಲ್ಲೆಯ ಭಾಗವಾಗಿತ್ತು. ಕೊಪ್ಪಳ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. 1973ರಿಂದ ಮೈಸೂರಿನ ಗಾಡಿಗಳು ಯೆಜ್ಡಿ ಎಂಬ ಹೆಸರಿನಿಂದ ಹೊರಬಂದುವು. ಆ ಹೆಸರಿನ ಮೂಲ ಇರಾನ್ ದೇಶದ ಯಜ್ದ್ ಎಂಬ ಊರು. 1980ರ ದಶಕದಲ್ಲಿ ಜಪಾನೀ ತಂತ್ರಜ್ಞಾನದ, ಕಡಮೆ ಪೆಟ್ರೋಲು ಕುಡಿಯುವ 100 ಸಿ.ಸಿ. ಗಾಡಿಗಳು ಬಂದಮೇಲೆ ಯೆಜ್ಡಿಯ ಬೇಡಿಕೆ ಕುಗ್ಗುತ್ತ ಬಂದಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಜಾವಾ ಹೆಸರೂ 2022ರಲ್ಲಿ ಯೆಜ್ಡಿ ಹೆಸರೂ ಮಾರುಕಟ್ಟೆಗೆ ಮರಳಿದುವಾದರೂ ಆ ಗಾಡಿಗಳ ಎಂಜಿನ್ನು ಬೇರೆಯದೇ ಜಾತಿಯದು. ಆದ್ದರಿಂದ ಹಳೆಯ ಗಾಡಿ ಕೈಗೆ ಬಂದವನು ಅದರ ಒಳಗುಟ್ಟನ್ನು ತಾನೇ ಅರಿತುಕೊಳ್ಳಬೇಕಾಗುತ್ತದೆ.

ಎಂಜಿನ್ನಿನ ಒಳಗೆ

ಹಳೆಯ 250 ಜಾವಾದ ಸಿಲಿಂಡರಿನ ಒಳವ್ಯಾಸ 65 ಮಿಲಿಮೀಟರು. ಪಿಸ್ಟನ್ ಮೇಲೆ ಕೆಳಗೆ ಚಲಿಸುವ ದೂರ 75 ಮಿಲಿಮೀಟರು. ಗಣಿತ ಬಲ್ಲ ವಿದ್ಯಾರ್ಥಿ ಇಷ್ಟರಿಂದಲೇ ಎಂಜಿನ್ನಿನ ಗಾತ್ರವನ್ನು ಲೆಕ್ಕಹಾಕಬಹುದು. ತ್ರಿಜ್ಯ 3.25 ಸೆಂಟಿಮೀಟರು, ಅದರ ವರ್ಗವನ್ನು 3.14ರಿಂದ ಗುಣಿಸಿ, ಬಂದದ್ದನ್ನು 7.5ರಿಂದ ಗುಣಿಸಿದರೆ ಸುಮಾರು 249 ಘನ ಸೆಂಟಿಮೀಟರು ಬರುತ್ತದೆ. 250 ಎಂಬ ಹೆಸರಿನ ಅರ್ಥ ಇದೇ.

ಇದು ಟೂ ಸ್ಟ್ರೋಕ್ ಎಂಜಿನ್ನು. ಪಿಸ್ಟನ್ ಒಮ್ಮೆ ಮೇಲೇರಿ ಒಮ್ಮೆ ಕೆಳಗಿಳಿದರೆ ಒಂದು ಆವೃತ್ತಿ ಮುಗಿಯುತ್ತದೆ. ಪಿಸ್ಟನ್ ಮೇಲೇರುವಾಗ ಅದರ ನೆತ್ತಿಯ ಮೇಲಿರುವ ಪೆಟ್ರೋಲು ಮತ್ತು ಗಾಳಿಯ ಮಿಶ್ರಣ ಒತ್ತಲ್ಪಡುತ್ತದೆ. ಅದೇ ಹೊತ್ತಿಗೆ ಕೆಳಗಿನ ಕ್ರ್ಯಾಂಕ್ ಪೆಟ್ಟಿಗೆಯಲ್ಲಿ ಒತ್ತಡ ಕಡಮೆಯಾಗಿ ಹೊಸ ಮಿಶ್ರಣ ಒಳನುಗ್ಗುತ್ತದೆ. ಪ್ಲಗ್ಗಿನ ಕಿಡಿಯಿಂದ ಮೇಲಿನ ಮಿಶ್ರಣ ಉರಿದು ಪಿಸ್ಟನ್ನನ್ನು ಕೆಳಕ್ಕೆ ತಳ್ಳಿದಾಗ, ಸಿಲಿಂಡರಿನ ಗೋಡೆಯಲ್ಲಿರುವ ರಂಧ್ರಗಳು ತೆರೆದುಕೊಳ್ಳುತ್ತವೆ. ಉರಿದ ಅನಿಲ ಹೊರಹೋಗುತ್ತದೆ. ಕ್ರ್ಯಾಂಕ್ ಪೆಟ್ಟಿಗೆಯಲ್ಲಿ ಒತ್ತಿಟ್ಟ ಹೊಸ ಮಿಶ್ರಣ ಮೇಲಕ್ಕೆ ಬರುತ್ತದೆ. ಬಾಗಿಲು ತೆಗೆದು ಹಾಕಲು ಬೇರೆ ಕವಾಟಗಳಿಲ್ಲ, ಪಿಸ್ಟನ್ನೇ ಬಾಗಿಲು. ಎಂಜಿನ್ನಿನಲ್ಲಿ ಪ್ರತ್ಯೇಕ ತೈಲದ ಕುಂಡವೂ ಇಲ್ಲ. ಪೆಟ್ರೋಲಿನಲ್ಲಿಯೇ ತೈಲವನ್ನು ಬೆರೆಸುತ್ತಾರೆ. 20ರಿಂದ 25 ಪಾಲು ಪೆಟ್ರೋಲಿಗೆ 1 ಪಾಲು ತೈಲ ಎಂಬುದು ಆ ಕಾಲದ ರೂಢಿ. 25ಕ್ಕೆ 1ರಂತೆ ಬೆರೆಸುವುದಾದರೆ 1 ಲೀಟರು ಪೆಟ್ರೋಲಿಗೆ 40 ಮಿಲಿಲೀಟರು ತೈಲ ಬೇಕಾಗುತ್ತದೆ.

ಇದರಿಂದ ಎರಡು ಸಂಗತಿಗಳನ್ನು ನೆನಪಿಡಬೇಕು. ಒಂದು, ಎಂಜಿನ್ನು ಓಡುತ್ತಿರುವಷ್ಟು ಹೊತ್ತು ಮಾತ್ರ ಸಿಲಿಂಡರಿನ ಗೋಡೆಗೆ ಹೊಸ ತೈಲ ತಲಪುತ್ತದೆ. ನಿಂತರೆ ಆ ಪದರ ಮೆಲ್ಲಮೆಲ್ಲನೆ ಜಾರಿಹೋಗಿ ಕಬ್ಬಿಣ ಬರಿಮೈಯಾಗುತ್ತದೆ. ಇನ್ನೊಂದು, ಕ್ರ್ಯಾಂಕ್ ಪೆಟ್ಟಿಗೆಯಲ್ಲಿ ಎಲ್ಲಿಯೂ ಗಾಳಿ ಸೋರಬಾರದು. ಸೋರಿದರೆ ಎಂಜಿನ್ನಿನ ಉಸಿರಾಟವೇ ಕೆಡುತ್ತದೆ. ನಿಂತ ಜಾವಾದ ಬಹುತೇಕ ರೋಗಗಳು ಈ ಎರಡು ಮೂಲಗಳಿಂದ ಬರುತ್ತವೆ.

ಮೊದಲು ಕಾಗದ, ಆಮೇಲೆ ಪಾನ

ಯಾವ ನಟ್ಟನ್ನೂ ಬಿಚ್ಚುವ ಮೊದಲು ಮಾಡತಕ್ಕ ಕೆಲಸವೊಂದಿದೆ. ಗಾಡಿಯ ಚಾಸಿಯ ಮೇಲೂ ಎಂಜಿನ್ನಿನ ಮೇಲೂ ಒತ್ತಿರುವ ಸಂಖ್ಯೆಗಳನ್ನು ಆರ್.ಸಿ. ಪುಸ್ತಕದೊಡನೆ ಹೋಲಿಸಿ ನೋಡಬೇಕು. ಸಂಖ್ಯೆ ಕೂಡದ ಗಾಡಿ ಎಷ್ಟು ಅಗ್ಗವಾಗಿ ಸಿಕ್ಕರೂ ಅದು ಬೇಡ. ಹಳೆಯ ಒಡೆಯನಿಂದ ಹೊಸಬನ ಹೆಸರಿಗೆ ವರ್ಗವಾಗಲು 29 ಮತ್ತು 30ನೆಯ ನಮೂನೆಗಳಿವೆ. ನೋಂದಣಿಯ 15 ವರ್ಷ ಮುಗಿದಿದ್ದರೆ ಸಾರಿಗೆ ಕಚೇರಿಯ ಪರೀಕ್ಷೆಗೆ ಒಪ್ಪಿಸಿ ನವೀಕರಿಸಿಕೊಳ್ಳದೆ ರಸ್ತೆಗೆ ಇಳಿಸುವಂತಿಲ್ಲ.

ಮೊದಲ ನೋಂದಣಿಯಿಂದ 50 ವರ್ಷ ದಾಟಿದ ವಾಹನಗಳಿಗೆ 2021ರಲ್ಲಿ ಕೇಂದ್ರ ಸರಕಾರ ವಿಂಟೇಜ್ ಎಂಬ ಬೇರೆ ವರ್ಗವನ್ನೇ ಮಾಡಿತು. ಆ ವರ್ಗದ ಹೊಸ ನೋಂದಣಿಗೆ 20,000 ರೂಪಾಯಿಗಳ ಶುಲ್ಕ ಗೊತ್ತುಪಡಿಸಲಾಯಿತು. ಚಾಸಿಯನ್ನಾಗಲಿ ಎಂಜಿನ್ನನ್ನಾಗಲಿ ಮಾರ್ಪಡಿಸಿದ ಗಾಡಿ ಆ ವರ್ಗಕ್ಕೆ ಸಲ್ಲದು. ಸಂದ ಗಾಡಿಯನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಆದ್ದರಿಂದ ಗಾಡಿ ನಿತ್ಯದ ಬಳಕೆಗೋ ಸಂರಕ್ಷಣೆಗೋ ಎಂಬುದನ್ನು ಮೊದಲೇ ನಿರ್ಧರಿಸಬೇಕು. ಅವಸರದಲ್ಲಿ ಚಾಸಿ ಕತ್ತರಿಸಿ ಬೆಸುಗೆ ಹಾಕಿಸಿದವನು ಈ ಎರಡನೆಯ ದಾರಿಯನ್ನು ತಾನೇ ಮುಚ್ಚಿಕೊಂಡಂತಾಗುತ್ತದೆ.

ನೀರಾವರಿ ನೆಲ, ಒಣ ನೆಲ

ಗಾಡಿ ಎಲ್ಲಿ ನಿಂತಿತ್ತೆಂದು ತಿಳಿದರೆ ಅದರ ರೋಗವನ್ನು ಅರ್ಧ ಊಹಿಸಬಹುದು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಸಿದ್ಧವಾದ ಮೇಲೆ ಎಡದಂಡೆ ಕಾಲುವೆಯ ನೀರು ಗಂಗಾವತಿಯ ಬಯಲನ್ನು ಬತ್ತದ ಕಣಜವನ್ನಾಗಿ ಮಾಡಿತು. ನೀರು ನಿಂತ ಗದ್ದೆಗಳ ನಡುವೆ ಗಾಳಿಯಲ್ಲಿ ತೇವ ಹೆಚ್ಚು. ಹಗಲು ಕಾಯ್ದ ಲೋಹ ರಾತ್ರಿ ತಣಿದಾಗ ಆ ತೇವ ಹನಿಗಟ್ಟುತ್ತದೆ. ಅರ್ಧ ಖಾಲಿಯಾದ ಪೆಟ್ರೋಲು ಟ್ಯಾಂಕಿನ ಒಳಮೈಯಲ್ಲಿಯೂ ಹೀಗೆಯೇ ಹನಿಗೂಡುತ್ತದೆ. ಕಬ್ಬಿಣಕ್ಕೆ ನೀರು ಮತ್ತು ಆಮ್ಲಜನಕ ಎರಡೂ ಒದಗಿದಾಗ ತುಕ್ಕು ಹುಟ್ಟುತ್ತದೆ. ಇಂಥ ಕಡೆ ನಿಂತ ಗಾಡಿಯಲ್ಲಿ ಮೊದಲು ಸಾಯುವುದು ಲೋಹ.

ಕುಷ್ಟಗಿ, ಯಲಬುರ್ಗಾಗಳದು ಮಳೆ ಕಡಮೆಯಾದ ಒಣ ಸೀಮೆ. ಅಲ್ಲಿ ತುಕ್ಕು ನಿಧಾನ. ಆದರೆ ಬಿಸಿಲು ಮತ್ತು ಒಣಗಾಳಿಗೆ ರಬ್ಬರು ಗಡುಸಾಗಿ ಬಿರಿಯುತ್ತದೆ. ಧೂಳು ಎಲ್ಲ ಸಂದುಗಳಲ್ಲಿಯೂ ತುಂಬುತ್ತದೆ. ಈ ಧೂಳನ್ನು ಹಗುರವಾಗಿ ಎಣಿಸಬಾರದು. ಗಂಗಾವತಿ ಆನೆಗೊಂದಿಗಳ ಗುಡ್ಡಗಳು ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯ ಗ್ರಾನೈಟು ಶಿಲೆ. ಇಂಥ ಕಲ್ಲು ಬಿಸಿಲು ಮಳೆಗೆ ಸವೆದು ಮಸಾರಿ ಮಣ್ಣಾದಾಗ ಅದರಲ್ಲಿರುವ ಬೆಣಚುಕಲ್ಲಿನ ಕಣಗಳು ಮಾತ್ರ ಕರಗದೆ ಉಳಿಯುತ್ತವೆ. ಗಡಸುತನದ ಮೋಸ್ ಮಾಪಕದಲ್ಲಿ ಬೆಣಚಿನ ಅಂಕ 7. ಎರಕದ ಕಬ್ಬಿಣ ಇದಕ್ಕಿಂತ ಮೆದು. ಗಾಳಿಯ ಸೋಸಕ ಹರಿದಿದ್ದರೆ ಈ ಕಣಗಳು ಸಿಲಿಂಡರಿನೊಳಗೆ ಸೇರಿ ಅದನ್ನು ಮರಳುಕಾಗದದಂತೆ ಉಜ್ಜುತ್ತವೆ. ಜಾವಾದ ಚೈನಿಗೆ ಪೂರ್ತಿ ಮುಚ್ಚಿದ ಹೊದಿಕೆಯಿದೆ. ಅಂದಕ್ಕೆಂದು ಅದನ್ನು ಕಿತ್ತೆಸೆಯುವವರು ಉಂಟು. ಧೂಳಿನ ನಾಡಿನಲ್ಲಿ ಅದಕ್ಕಿಂತ ಉಪಯುಕ್ತವಾದ ಭಾಗ ಮತ್ತೊಂದಿಲ್ಲ.

ಸಿಕ್ಕಿಬಿದ್ದ ಪಿಸ್ಟನ್ನು

ನಮ್ಮ ಗಾಡಿಯ ಕಿಕ್ಕು ಕದಲುತ್ತಿಲ್ಲವೆನ್ನೋಣ. ಜಾವಾದಲ್ಲಿ ಗೇರು ಹಾಕುವುದಕ್ಕೂ ಎಂಜಿನ್ನು ಚಾಲೂ ಮಾಡುವುದಕ್ಕೂ ಎಡಗಡೆಯ ಒಂದೇ ಸನ್ನೆ ಇದೆಯಷ್ಟೆ. ಅದರ ಮೇಲೆ ಹತ್ತಿ ನಿಂತು ತುಳಿಯುವುದು ಮೊದಲು ಎಲ್ಲರಿಗೂ ತೋಚುವ ಉಪಾಯ. ಮಾಡಬಾರದ ಕೆಲಸವೂ ಅದೇ. ಒಳಗಿನ ಹಲ್ಲುಗಳು ಮುರಿದರೆ ಒಂದಕ್ಕೆ ಎರಡು ರೋಗಗಳಾಗುತ್ತವೆ.

ಒಳಗೆ ನಡೆದಿರುವುದೇನು? ಪಿಸ್ಟನ್ನು ಅಲ್ಯುಮಿನಿಯಮ್ಮಿನದು, ಸಿಲಿಂಡರು ಎರಕದ ಕಬ್ಬಿಣದ್ದು, ಪಿಸ್ಟನ್ನಿನ ಉಂಗುರಗಳೂ ಕಬ್ಬಿಣವೇ. ಉಂಗುರಕ್ಕೂ ಗೋಡೆಗೂ ನಡುವೆ ತುಕ್ಕು ಬೆಳೆದಿದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎರಡು ಪಾಲಿಗೂ ಹೆಚ್ಚು ಜಾಗವನ್ನು ಬೇಡುವುದರಿಂದ ಸಂದಿಯಲ್ಲಿ ಬೆಣೆಯಂತೆ ಬಿಗಿದುಕೊಂಡಿದೆ. ಪ್ಲಗ್ಗನ್ನು ಬಿಚ್ಚಿ ಆ ರಂಧ್ರದಿಂದ ತೆಳುವಾದ ತೈಲವನ್ನು, ಇಲ್ಲವೆ ಅಂಗಡಿಯಲ್ಲಿ ಸಿಗುವ ತುಕ್ಕು ಬಿಡಿಸುವ ಎಣ್ಣೆಯನ್ನು ಸುರಿದು ಕೆಲವು ದಿನ ಬಿಡಬೇಕು. ಕೂದಲಿಗಿಂತ ಸೂಕ್ಷ್ಮವಾದ ಸಂದುಗಳಲ್ಲಿಯೂ ಎಣ್ಣೆ ತಾನಾಗಿ ಏರುತ್ತದೆ, ಇಳಿಯುತ್ತದೆ. ದೀಪದ ಬತ್ತಿಯಲ್ಲಿ ಎಣ್ಣೆ ಏರುವುದೂ ಇದೇ ಗುಣದಿಂದ. ಬಳಿಕ ಗಾಡಿಯನ್ನು ಕೊನೆಯ ಗೇರಿಗೆ ಹಾಕಿ ಹಿಂದಿನ ಗಾಲಿಯನ್ನು ಕೈಯಿಂದ ಮುಂದಕ್ಕೂ ಹಿಂದಕ್ಕೂ ಮೆಲ್ಲನೆ ಅಲುಗಿಸುತ್ತ ಬಂದರೆ ಪಿಸ್ಟನ್ನು ಒಂದು ಗಳಿಗೆಯಲ್ಲಿ ಸಡಿಲಗೊಳ್ಳಬಹುದು.

ಬೆಂಕಿಯಿಂದ ಕಾಯಿಸಿದರಾಗದೆ ಎಂದು ಕೆಲವರು ಕೇಳುತ್ತಾರೆ. ಇಲ್ಲಿ ಸ್ವಲ್ಪ ಲೆಕ್ಕ ಬೇಕು. 65 ಮಿಲಿಮೀಟರು ಅಗಲದ ಅಲ್ಯುಮಿನಿಯಮ್ಮು 100 ಡಿಗ್ರಿ ಸೆಲ್ಸಿಯಸ್ ಹೆಚ್ಚಿಗೆ ಕಾಯ್ದರೆ ಸುಮಾರು 0.15 ಮಿಲಿಮೀಟರು ಹಿಗ್ಗುತ್ತದೆ. ಅಷ್ಟೇ ಅಗಲದ ಎರಕದ ಕಬ್ಬಿಣ ಸುಮಾರು 0.07 ಮಿಲಿಮೀಟರು ಮಾತ್ರ. ಅಂದರೆ ಎರಡನ್ನೂ ಒಟ್ಟಿಗೆ ಕಾಯಿಸಿದರೆ ಬಿಗಿತ ಕಡಮೆಯಾಗುವುದಕ್ಕೆ ಬದಲು ಹೆಚ್ಚಾಗುತ್ತದೆ! ಓಡುವ ಎಂಜಿನ್ನು ಮಿತಿಮೀರಿ ಕಾಯ್ದಾಗ ಪಿಸ್ಟನ್ನು ಸಿಕ್ಕಿಹಾಕಿಕೊಂಡು ಗಾಡಿ ಫಕ್ಕನೆ ನಿಲ್ಲುವುದೂ ಇದೇ ಕಾರಣದಿಂದ. ಎಣ್ಣೆಯೂ ಪೆಟ್ರೋಲೂ ಇರುವಲ್ಲಿ ಬೆಂಕಿ ಅಪಾಯಕಾರಿ ಎಂಬುದನ್ನಂತೂ ಬೇರೆ ಹೇಳಬೇಕಾಗಿಲ್ಲ. ತಾಳ್ಮೆಗಿಂತ ಒಳ್ಳೆಯ ಹತ್ಯಾರು ಇಲ್ಲಿ ಬೇರೊಂದಿಲ್ಲ.

ಸಿಲಿಂಡರನ್ನು ಬಿಚ್ಚಿ ನೋಡಿದಾಗ ಗೋಡೆಯಲ್ಲಿ ಆಳವಾದ ಗುಳಿಗಳು ಕಂಡರೆ ಲೇತು ಯಂತ್ರದ ಅಂಗಡಿಯಲ್ಲಿ ಬೋರು ಮಾಡಿಸಬೇಕು. ಸಾಮಾನ್ಯವಾಗಿ ಕಾಲು ಮಿಲಿಮೀಟರಿನ ಹಂತಗಳಲ್ಲಿ ಅಗಲ ಮಾಡಿಸಿ, ಅದಕ್ಕೆ ಹೊಂದುವ ದೊಡ್ಡ ಪಿಸ್ಟನ್ನನ್ನು ಹಾಕುತ್ತಾರೆ. ಸಿಲಿಂಡರಿಗೆ ಎರಕದ ಕಬ್ಬಿಣವನ್ನೇ ಆರಿಸಿದ್ದಕ್ಕೆ ಕಾರಣವಿದೆ. ಈ ಕಬ್ಬಿಣದೊಳಗೆ ಇಂಗಾಲವು ಗ್ರಾಫೈಟಿನ ಸಣ್ಣ ಸಣ್ಣ ಎಸಳುಗಳಾಗಿ ಹರಡಿಕೊಂಡಿರುತ್ತದೆ. ಗ್ರಾಫೈಟು ತಾನೇ ಜಾರುವ ವಸ್ತು; ಜೊತೆಗೆ ಆ ಎಸಳುಗಳ ಎಡೆಯಲ್ಲಿ ತೈಲವೂ ತಂಗುತ್ತದೆ. ಕೊಪ್ಪಳ ತಾಲ್ಲೂಕಿನ ಬೇವಿನಹಳ್ಳಿಯಲ್ಲಿರುವ ಕಿರ್ಲೋಸ್ಕರ್ ಫೆರಸ್ ಕಾರ್ಖಾನೆಯಲ್ಲಿ ಎಂಜಿನ್ನುಗಳ ಸಿಲಿಂಡರ್ ಬ್ಲಾಕುಗಳನ್ನು ಎರಕ ಹೊಯ್ಯುವುದು ಇದೇ ಜಾತಿಯ ಬೂದುಕಬ್ಬಿಣದಿಂದ. ನಮ್ಮ ಜಿಲ್ಲೆಯ ವಿದ್ಯಾರ್ಥಿಗಳಿಗೆ ಈ ಲೋಹದ ಪಾಠ ದೂರದ್ದೇನೂ ಅಲ್ಲ.

ಬಿಚ್ಚಿದಾಗಲೇ ಕ್ರ್ಯಾಂಕಿನ ಎರಡೂ ತುದಿಗಳ ಆಯಿಲ್ ಸೀಲುಗಳನ್ನು ಬದಲಿಸಬೇಕು. ಇವು ರಬ್ಬರಿನ ಬಳೆಗಳು. ಬೆಲೆ ಅಲ್ಪ, ಕೆಲಸ ದೊಡ್ಡದು. ಕ್ಲಚ್ಚಿನ ಕಡೆಯ ಸೀಲು ಗಡುಸಾಗಿ ಬಿಟ್ಟುಕೊಂಡಿದ್ದರೆ ಗೇರಿನ ತೈಲವನ್ನು ಎಂಜಿನ್ನು ಹೀರಿ ದಟ್ಟ ಹೊಗೆ ಕಾರುತ್ತದೆ. ಡೈನಮೊ ಕಡೆಯ ಸೀಲು ಬಿಟ್ಟುಕೊಂಡರೆ ಹೆಚ್ಚಿನ ಗಾಳಿ ನುಗ್ಗಿ ಮಿಶ್ರಣ ತೆಳುವಾಗುತ್ತದೆ. ಪೆಟ್ರೋಲಿನೊಡನೆ ಬರುವ ತೈಲವೂ ಕಡಮೆಯಾಗಿ ಎಂಜಿನ್ನು ಮಿತಿಮೀರಿ ಕಾಯುತ್ತದೆ. ಬೋರು ಮಾಡಿಸಲು ಹಣ ತೆತ್ತು ಸೀಲನ್ನು ಮರೆತವನು ಮತ್ತೊಮ್ಮೆ ಬೋರು ಮಾಡಿಸಬೇಕಾದೀತು.

ಟ್ಯಾಂಕಿನ ತುಕ್ಕು, ಇಂದಿನ ಪೆಟ್ರೋಲು

ವರ್ಷಗಟ್ಟಲೆ ನಿಂತ ಪೆಟ್ರೋಲು ಪೆಟ್ರೋಲಾಗಿ ಉಳಿದಿರುವುದಿಲ್ಲ. ಅದರ ಹಗುರ ಅಂಶಗಳು ಹಾರಿಹೋಗಿ, ಉಳಿದವು ಆಮ್ಲಜನಕದೊಡನೆ ಕೂಡಿ ಅಂಟಂಟಾದ ಮೇಣವಾಗುತ್ತವೆ. ಕಾರ್ಬೊರೇಟರಿನ ಜೆಟ್ಟಿನಲ್ಲಿರುವ ಸೂಜಿಮೊನೆಯಂಥ ತೂತು ಮುಚ್ಚಿಹೋಗಲು ಇದರ ಒಂದು ಹನಿ ಸಾಕು. ಜೆಟ್ಟನ್ನು ದ್ರಾವಕದಲ್ಲಿ ನೆನೆಯಿಟ್ಟು ಗಾಳಿ ಊದಿ ಬಿಡಿಸಬೇಕು. ತಂತಿ ಚುಚ್ಚಿದರೆ ತೂತು ದೊಡ್ಡದಾಗಿ ಅಳತೆ ಕೆಡುತ್ತದೆ.

ಟ್ಯಾಂಕಿನ ತುಕ್ಕನ್ನು ಬಿಡಿಸುವ ಒಂದು ಸೊಗಸಾದ ವಿಧಾನವನ್ನು ನಮ್ಮ ಶಾಲೆಯ ಪಠ್ಯಪುಸ್ತಕದ ವಿದ್ಯುದ್ವಿಭಜನೆಯ ಪಾಠದಲ್ಲಿಯೇ ಕಾಣಬಹುದು. ಮೊದಲು ಟ್ಯಾಂಕನ್ನು ಸಾಬೂನಿನ ನೀರಿನಿಂದ ಹಲವು ಸಲ ತೊಳೆದು, ಪೆಟ್ರೋಲಿನ ವಾಸನೆ ಲವಲೇಶವೂ ಇಲ್ಲದಂತೆ ಮಾಡಬೇಕು. ಬಳಿಕ ಲೀಟರಿಗೆ ಸುಮಾರು 10 ಗ್ರಾಮಿನಂತೆ ವಾಷಿಂಗ್ ಸೋಡ ಕರಗಿಸಿದ ನೀರನ್ನು ತುಂಬಬೇಕು. ಒಂದು ಕಬ್ಬಿಣದ ಸರಳನ್ನು ಟ್ಯಾಂಕಿನ ಮೈಗೆ ತಾಗದಂತೆ ರಬ್ಬರಿನ ಬಿರಡೆಯಲ್ಲಿ ಇಳಿಬಿಟ್ಟು, ಅನಿಲ ಹೊರಹೋಗಲು ದಾರಿ ಇರಿಸಬೇಕು. ಬ್ಯಾಟರಿ ಚಾರ್ಜರಿನ ಧನ ತಂತಿಯನ್ನು ಸರಳಿಗೂ ಋಣ ತಂತಿಯನ್ನು ಟ್ಯಾಂಕಿಗೂ ಜೋಡಿಸಿದರೆ, ಟ್ಯಾಂಕಿನ ಮೈಯಲ್ಲಿ ಜಲಜನಕದ ಗುಳ್ಳೆಗಳೆದ್ದು ತುಕ್ಕು ಸಡಿಲಗೊಂಡು ಉದುರುತ್ತದೆ. ಒಳ್ಳೆಯ ಕಬ್ಬಿಣಕ್ಕೆ ಇದರಿಂದ ಕೇಡಿಲ್ಲ. ಜಲಜನಕ ಹೊತ್ತಿಕೊಳ್ಳುವ ಅನಿಲ. ಈ ಕೆಲಸವನ್ನು ಬಯಲಿನಲ್ಲಿ, ಬೆಂಕಿಯಿಂದ ದೂರದಲ್ಲಿ, ಹಿರಿಯರೊಬ್ಬರ ಎದುರಿನಲ್ಲಿ ಮಾಡತಕ್ಕದ್ದು. ಸ್ಟೀಲು ಪಾತ್ರೆಯ ಜಾತಿಯ ಕಲೆಹಿಡಿಯದ ಉಕ್ಕನ್ನು ಸರಳಾಗಿ ಬಳಸಲೇಬಾರದು; ಅದರಲ್ಲಿರುವ ಕ್ರೋಮಿಯಮ್ಮು ವಿಷಕಾರಿ ರೂಪದಲ್ಲಿ ನೀರಿಗೆ ಬರುತ್ತದೆ.

ಈ ಗಾಡಿಗಳನ್ನು ನಿರ್ಮಿಸಿದವರು ಕಾಣದ ಹೊಸ ಸಮಸ್ಯೆಯೊಂದು ಇಂದು ಇದೆ. ನಮ್ಮ ದೇಶದ ಪೆಟ್ರೋಲಿನಲ್ಲಿ ಎಥನಾಲ್ ಬೆರೆಸುವ ಪ್ರಮಾಣ 2025ರಲ್ಲಿ ಶೇಕಡ 20ನ್ನು ಮುಟ್ಟಿತು. ಎಥನಾಲ್ ನೀರನ್ನು ತನ್ನೆಡೆಗೆ ಸೆಳೆದುಕೊಳ್ಳುತ್ತದೆ. ನೀರು ಒಂದು ಮಿತಿಯನ್ನು ಮೀರಿದರೆ ಎಥನಾಲೂ ನೀರೂ ಒಟ್ಟಾಗಿ ಬೇರ್ಪಟ್ಟು ಟ್ಯಾಂಕಿನ ತಳದಲ್ಲಿ ನಿಲ್ಲುತ್ತವೆ. ಹಳೆಯ ಕಾಲದ ರಬ್ಬರಿನ ಕೊಳವೆಗಳೂ ಬಿರಡೆಗಳೂ ಇದರಿಂದ ಉಬ್ಬುತ್ತವೆ, ಬಿರಿಯುತ್ತವೆ. ಆದ್ದರಿಂದ ಇಂಧನದ ಕೊಳವೆಯನ್ನು ಎಥನಾಲ್ ತಾಳುವ ಹೊಸ ಜಾತಿಯದಕ್ಕೆ ಬದಲಿಸಬೇಕು. ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕನ್ನೂ ಕಾರ್ಬೊರೇಟರನ್ನೂ ಬರಿದುಮಾಡಿ ಇಡುವುದು ಮೇಲು.

ಕಿಡಿಯ ಲೆಕ್ಕ

ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಕ್ರ್ಯಾಂಕ್ ಒಂದು ಸುತ್ತು ತಿರುಗಿದರೆ ಒಂದು ಕಿಡಿ. ಮಿನಿಟಿಗೆ 4,750 ಸುತ್ತಿನಲ್ಲಿ ಓಡುವಾಗ ಸೆಕೆಂಡಿಗೆ ಸುಮಾರು 79 ಕಿಡಿಗಳು ಬೇಕು. ಈ ಕೆಲಸವನ್ನು ಇಂದಿನ ಇಲೆಕ್ಟ್ರಾನಿಕ್ ಉಪಕರಣವಲ್ಲ, ಪಾಯಿಂಟು ಎಂದು ಕರೆಯುವ ಲೋಹದ ಒಂದು ಪುಟ್ಟ ಜೋಡಿ ಮಾಡುತ್ತಿತ್ತು. ಪಾಯಿಂಟು ತೆರೆದಾಗ ಸುರುಳಿಯ ಪ್ರವಾಹ ಥಟ್ಟನೆ ಕಡಿಯುತ್ತದೆ. ಅದರ ಕಾಂತಕ್ಷೇತ್ರ ಕುಸಿಯುತ್ತದೆ. ಪಕ್ಕದ ಸುರುಳಿಯಲ್ಲಿ ಸಾವಿರಾರು ವೋಲ್ಟಿನ ಒತ್ತಡ ಹುಟ್ಟಿ ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ. ಫ್ಯಾರಡೆ 1831ರಲ್ಲಿ ಕಂಡುಹಿಡಿದ ವಿದ್ಯುತ್ಕಾಂತ ಪ್ರೇರಣೆ ಇದೇ.

ಮೂಲೆಯಲ್ಲಿ ನಿಂತ ಗಾಡಿಯ ಪಾಯಿಂಟುಗಳ ಮೇಲೆ ತೆಳುವಾದ ಆಕ್ಸೈಡ್ ಪದರ ಕೂತಿರುತ್ತದೆ. 6 ವೋಲ್ಟಿನ ಅಲ್ಪ ಒತ್ತಡಕ್ಕೆ ಆ ಪದರವೇ ದೊಡ್ಡ ಗೋಡೆ. ನಯವಾದ ಅರದಿಂದ ಅದನ್ನು ತೆಗೆದು, ಪಾಯಿಂಟುಗಳು ಪೂರ್ತಿ ತೆರೆದಾಗ ಸುಮಾರು 0.4 ಮಿಲಿಮೀಟರು ಎಡೆ ಬರುವಂತೆ ಕೂರಿಸಬೇಕು. ಪಾಯಿಂಟಿನಲ್ಲಿ ಕಿಡಿ ಜೋರಾಗಿ, ಪ್ಲಗ್ಗಿನಲ್ಲಿ ಸಪ್ಪಗೆ ಕಂಡರೆ ಕಂಡೆನ್ಸರು ಕೆಟ್ಟಿದೆಯೆಂದು ಶಂಕಿಸಬಹುದು. ಹಳೆಯ ಬ್ಯಾಟರಿಯ ಸೀಸದ ಫಲಕಗಳ ಮೇಲೆ ಸೀಸದ ಸಲ್ಫೇಟು ಗಟ್ಟಿ ಹರಳಾಗಿ ಕೂತಿರುವುದರಿಂದ ಅದಕ್ಕೆ ಮದ್ದಿಲ್ಲ, ಹೊಸದನ್ನೇ ತರಬೇಕು. ಸೀಸ ವಿಷವಾದ್ದರಿಂದ ಹಳೆಯದನ್ನು ತಿಪ್ಪೆಗೆ ಎಸೆಯದೆ ಬ್ಯಾಟರಿ ಅಂಗಡಿಗೆ ಮರಳಿಸಬೇಕು. ದೀರ್ಘಕಾಲ ನಿಂತ ಡೈನಮೊದಲ್ಲಿ ಕಬ್ಬಿಣದಲ್ಲಿ ಉಳಿದಿರಬೇಕಾದ ಅಲ್ಪ ಕಾಂತತ್ವವೂ ಕಳೆದುಹೋಗಿರಬಹುದು. ಆ ಬೀಜವಿಲ್ಲದೆ ಡೈನಮೊ ವಿದ್ಯುತ್ತನ್ನು ಬೆಳೆಯಲಾರದು. ಬಲ್ಲ ಮೇಸ್ತ್ರಿ ಬ್ಯಾಟರಿಯ ಪ್ರವಾಹವನ್ನು ಕ್ಷಣಕಾಲ ಹರಿಸಿ ಅದನ್ನು ಎಚ್ಚರಿಸುತ್ತಾನೆ.

ಓಡುವ ಮೊದಲು ನಿಲ್ಲಬೇಕು

ಎಂಜಿನ್ನು ಫಟಫಟ ಎಂದೊಡನೆ ಹುರುಪಿನಿಂದ ರಸ್ತೆಗೆ ಹಾರುವ ತರುಣರಿದ್ದಾರೆ. ಓಡದ ಗಾಡಿಯಿಂದ ಯಾರಿಗೂ ಪ್ರಾಣಾಪಾಯವಿಲ್ಲ. ನಿಲ್ಲದ ಗಾಡಿಯಿಂದ ಉಂಟು. ಟಯರಿನಲ್ಲಿ ಇನ್ನೂ ಹಲ್ಲುಗಳಿವೆಯೆಂದು ನಂಬಬಾರದು. ಬದಿಯ ರಬ್ಬರು ಬಿರಿದಿದ್ದರೆ ಅದು ಮುಗಿದ ಟಯರು. ಹೊಸ ಟಯರು ಕೊಳ್ಳುವಾಗ ಅದರ ಬದಿಯಲ್ಲಿರುವ ನಾಲ್ಕು ಅಂಕಿಗಳನ್ನು ಓದಿಕೊಳ್ಳಬೇಕು. 3224 ಎಂದಿದ್ದರೆ ಅದು 2024ನೆಯ ಇಸವಿಯ 32ನೆಯ ವಾರದಲ್ಲಿ ತಯಾರಾದದ್ದು. ಬ್ರೇಕಿನ ಪಟ್ಟಿ, ತಂತಿ, ಗಾಲಿಯ ಕಡ್ಡಿಗಳು, ಬೇರಿಂಗಿನ ಗ್ರೀಸು ಎಲ್ಲವೂ ಹೊಸದಾಗಿ ಪರೀಕ್ಷೆಗೆ ಒಳಗಾಗಬೇಕು. ಹಳೆಯ ಕಾಲದ ಬ್ರೇಕು ಪಟ್ಟಿಗಳಲ್ಲಿ ಕಲ್ನಾರು ಇರುವುದು ಸಾಮಾನ್ಯವಾಗಿತ್ತು. ಅದರ ಧೂಳು ಶ್ವಾಸಕೋಶಕ್ಕೆ ಸೇರಿದರೆ ಅನೇಕ ವರ್ಷಗಳ ಮೇಲೆ ಮಾರಕ ರೋಗ ತರಬಲ್ಲದು. ಆದ್ದರಿಂದ ಡ್ರಮ್ಮನ್ನು ಬಾಯಿಂದಲೂ ಪಂಪಿನಿಂದಲೂ ಊದಬಾರದು. ಒದ್ದೆ ಬಟ್ಟೆಯಿಂದ ಒರಸಬೇಕು.

ಎಷ್ಟು ಹೊಸದು, ಎಷ್ಟು ಹಳೆಯದು?

ಕೊನೆಗೆ ಒಂದು ಪ್ರಶ್ನೆ ಉಳಿಯುತ್ತದೆ. ಇಷ್ಟೆಲ್ಲ ಶ್ರಮ ಏತಕ್ಕೆ? ಟೂ ಸ್ಟ್ರೋಕ್ ಎಂಜಿನ್ನು ಹೊಗೆಯುಗುಳುತ್ತದೆ. ಹೊಸ ಮಿಶ್ರಣ ಬಂದು ಹಳೆಯದನ್ನು ತಳ್ಳುವಾಗ ಅದರ ಒಂದು ಪಾಲು ಉರಿಯದೆಯೇ ಹೊರಹೋಗುತ್ತದೆ. ಇದು ಆ ವಿನ್ಯಾಸದ ಹುಟ್ಟುಗುಣ. ಹತ್ತು ಸಾವಿರ ಜನ ನಿತ್ಯ ಇಂಥ ಗಾಡಿಗಳನ್ನೇ ಓಡಿಸಲಿ ಎಂದು ನಾವು ಹೇಳಲಾರೆವು. ಆದರೆ ತಿಂಗಳಿಗೆ ಒಂದೆರಡು ಸಲ ಓಡುವ ಒಂದು ಗಾಡಿಯ ವಿಷಯ ಬೇರೆ. ಸೀಲು ಸರಿಯಾಗಿದ್ದು, ತೈಲವನ್ನು ಅಳೆದು ಬೆರೆಸಿದರೆ ಅದರ ಹೊಗೆಯೂ ಬಹಳಷ್ಟು ತಗ್ಗುತ್ತದೆ.

ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ಇಂದಿನ ಗಾಡಿಯ ಬುದ್ಧಿಯೆಲ್ಲ ಮೊಹರು ಮಾಡಿದ ಡಬ್ಬಿಯೊಳಗೆ ಅಡಗಿದೆ. ಬಿಚ್ಚಿದರೂ ಕಣ್ಣಿಗೆ ಏನೂ ಕಾಣದು. ಹಳೆಯ ಜಾವಾದಲ್ಲಿ ಎಲ್ಲವೂ ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ. ಉಷ್ಣದಿಂದ ಲೋಹ ಹಿಗ್ಗುವುದು, ತುಕ್ಕು ಹಿಡಿಯುವುದು, ವಿದ್ಯುದ್ವಿಭಜನೆ, ಕಾಂತಪ್ರೇರಣೆ, ಅನಿಲಗಳ ಒತ್ತಡ, ತೈಲದ ಜಾರುಗುಣ, ಹೀಗೆ ಪ್ರೌಢಶಾಲೆಯಿಂದ ಕಾಲೇಜಿನವರೆಗಿನ ಎಷ್ಟೋ ಪಾಠಗಳು ಒಂದು ಚಾಸಿಯ ಮೇಲೆ ಒಟ್ಟುಗೂಡಿವೆ. ಗುಜರಿಗೆ ಹೋದರೆ ಅದು ಕೆಲವು ಕಿಲೋಗ್ರಾಂ ಕಬ್ಬಿಣ. ಕೈಯಲ್ಲಿ ಉಳಿದರೆ ಒಂದು ಪ್ರಯೋಗಶಾಲೆ.

ಸರಿಪಡಿಸುವಾಗ ಒಂದು ಸೂತ್ರವನ್ನು ಪಾಲಿಸುವುದು ಒಳ್ಳೆಯದು. ಪ್ರಾಣಕ್ಕೂ ಸುರಕ್ಷತೆಗೂ ಸಂಬಂಧಪಟ್ಟದ್ದನ್ನೆಲ್ಲ ಹೊಸದು ಮಾಡಿ. ಮಿಕ್ಕದ್ದನ್ನು ಸಾಧ್ಯವಾದಷ್ಟೂ ಉಳಿಸಿ. ಮಾಸಿದ ಬಣ್ಣವೂ ಆ ಗಾಡಿಯ ಚರಿತ್ರೆಯೇ. ಒಮ್ಮೆ ಉಜ್ಜಿ ತೆಗೆದರೆ ಮರಳಿ ಬರದು. ಬಿಚ್ಚುವ ಮೊದಲು ಪ್ರತಿಯೊಂದು ಭಾಗದ ಛಾಯಾಚಿತ್ರ ತೆಗೆಯಿರಿ. ಬಿಚ್ಚಿದ ಸ್ಕ್ರೂಗಳನ್ನು ಚೀಟಿ ಬರೆದ ಡಬ್ಬಿಗಳಲ್ಲಿಡಿ. ಮಾಡಿದ ಕೆಲಸ, ಅಳೆದ ಅಳತೆ, ತೆತ್ತ ಬೆಲೆ ಎಲ್ಲವನ್ನೂ ಒಂದು ನೋಟುಪುಸ್ತಕದಲ್ಲಿ ತಾರೀಖಿನೊಡನೆ ಬರೆದಿಡಿ. ಊರಿನ ಹಳೆಯ ಮೇಸ್ತ್ರಿಗಳ ಬಳಿ ಕುಳಿತು ಅವರ ಕೈಯ ತಿಳಿವನ್ನೂ ಬರೆದುಕೊಳ್ಳಿರಿ. ಜಾವಾ, ಯೆಜ್ಡಿಗಳನ್ನು ದಿನವೂ ಬಿಚ್ಚಿ ಕಟ್ಟಿದ ಆ ತಲೆಮಾರು ವೃದ್ಧಾಪ್ಯಕ್ಕೆ ಬಂದಿದೆ. ಯಂತ್ರದ ಭಾಗಗಳನ್ನು ಲೇತಿನ ಮೇಲೆ ಮತ್ತೆ ಮಾಡಬಹುದು. ಬರೆದಿಡದೆ ಹೋದ ತಿಳಿವಳಿಕೆಯನ್ನು ಮಾತ್ರ ಯಾವ ಲೇತೂ ಮಾಡಿಕೊಡಲಾರದು.